ತಪ್ಪಿಸಿಕೊಂಡ, ಪಾರಾದ, ಪರಾರಿಯಾದ: ಯಾವುದು ಎಲ್ಲಿಗೆ?

ಪ್ರಶ್ನೆ: ‘ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡಿದೆ’, ‘ಕೈದಿ ತಪ್ಪಿಸಿಕೊಂಡಿದ್ದಾನೆ’, ‘ಈ ಅವಕಾಶ ತಪ್ಪಿಸಿಕೊಳ್ಳಬೇಡಿ’. ಕ್ರಿಯಾಪದ ಒಂದೇ, ಅರ್ಥ ಮೂರು. ಗುರುತಿಸುವುದು ಹೇಗೆ?

ಉತ್ತರ: ‘ತಪ್ಪು’ ಧಾತುವಿನ ತಿರುಳು, ಇರಬೇಕಾದ ಕಡೆಯಿಂದ ಅಥವಾ ಹಿಡಿತದಿಂದ ಸರಿದುಹೋಗುವುದು. ದಾರಿ ತಪ್ಪಿತು, ಬಸ್ಸು ತಪ್ಪಿತು, ಮಾತಿಗೆ ತಪ್ಪಿದ. ‘ಇಸು’ ಸೇರಿದರೆ ಯಾರೋ ಹಾಗೆ ಆಗಿಸಿದಂತೆ: ಚಾಲಕ ಅಪಘಾತ ತಪ್ಪಿಸಿದ. ಅದರ ಮೇಲೆ ‘ಕೊಳ್ಳು’ ಬಂದಾಗ ಫಲ ಕರ್ತೃವಿಗೇ ತಗಲುತ್ತದೆ. ಆ ಫಲ ಲಾಭವೋ ನಷ್ಟವೋ ಎಂಬುದನ್ನು ಮಾತ್ರ ‘ಕೊಳ್ಳು’ ಹೇಳುವುದಿಲ್ಲ. ತೊಡಕು ಹುಟ್ಟುವುದೇ ಇಲ್ಲಿ.

ಆದ್ದರಿಂದ ಹಿಂದಿನ ಪದದ ಪ್ರತ್ಯಯ ನೋಡಿ. ‘ಇಂದ’ ಇದ್ದರೆ ಸಾಮಾನ್ಯವಾಗಿ ಬಿಡುಗಡೆ: ಪೊಲೀಸರಿಂದ ತಪ್ಪಿಸಿಕೊಂಡ, ಬೋನಿನಿಂದ ತಪ್ಪಿಸಿಕೊಂಡಿತು. ‘ಅನ್ನು’ ಇದ್ದರೆ (ಮಾತಿನಲ್ಲಿ ಅದು ಬಿಟ್ಟುಹೋಗುವುದೇ ಹೆಚ್ಚು) ವಸ್ತು ಎಂಥದ್ದು ಎಂದು ನೋಡಬೇಕು. ಬೇಡದ್ದಾದರೆ ಜಾಣತನ: ಏಟು ತಪ್ಪಿಸಿಕೊಂಡ. ಬೇಕಾದದ್ದಾದರೆ ನಷ್ಟ: ಅವಕಾಶ ತಪ್ಪಿಸಿಕೊಂಡ. ‘ಜಾತ್ರೆಯಲ್ಲಿ’ ಎಂಬಂತೆ ಬರೀ ಜಾಗ ಹೇಳಿದರೆ, ಜೊತೆಯವರಿಂದ ಅಗಲಿ ಕಳೆದುಹೋಯಿತು ಎಂದರ್ಥ. ಇಷ್ಟಾದರೂ ‘ಹಸು ತಪ್ಪಿಸಿಕೊಂಡಿದೆ’ ಎಂಬ ವಾಕ್ಯ ಇಬ್ಬಂದಿಯೇ. ಹಗ್ಗ ಕಿತ್ತುಕೊಂಡು ಓಡಿತೋ, ಮೇಯಲು ಹೋಗಿ ದಾರಿ ತಪ್ಪಿತೋ? ಬರೆಯುವಾಗ ಎರಡರಲ್ಲಿ ಯಾವುದೆಂದು ಬಿಡಿಸಿ ಹೇಳುವುದು ಕ್ಷೇಮ.

ಪ್ರಶ್ನೆ: ‘ಪಾರಾದ’, ‘ಪರಾರಿಯಾದ’ ಎರಡೂ ಒಂದೇ ಅಲ್ಲವೇ?

ಉತ್ತರ: ಕಿವಿಗೆ ಹತ್ತಿರ, ಮೂಲದಲ್ಲಿ ದೂರ. ‘ಪಾರ’ ಸಂಸ್ಕೃತದ ಆಚೆ ದಡ; ಕಷ್ಟ ದಾಟಿದವನು ಪಾರಾಗುತ್ತಾನೆ, ಓದುಗರ ಕನಿಕರ ಅವನ ಕಡೆಗಿರುತ್ತದೆ. ‘ಪರಾರಿ’ ಪಾರ್ಸಿಯ ‘ಫರಾರಿ’ಯಿಂದ ಬಂದದ್ದು, ಅದಕ್ಕೆ ತಪ್ಪಿತಸ್ಥನ ವಾಸನೆ. ಬೆಂಕಿ ಬಿದ್ದ ಮನೆಯಿಂದ ಹೊರಬಂದವರನ್ನು ‘ಪರಾರಿಯಾದರು’ ಎಂದರೆ ಬೆಂಕಿ ಹಚ್ಚಿದವರು ಅವರೇ ಅನ್ನಿಸುತ್ತದೆ! ಪರಾರಿ ಆ ಗಳಿಗೆಯ ಓಟ. ಆಮೇಲೆ ಅಡಗಿ ಕೂತರೆ ‘ತಲೆಮರೆಸಿಕೊಂಡಿದ್ದಾನೆ’.

ವರದಿಗಾರರು ಎಡವುವ ಇನ್ನೊಂದು ಕಡೆ ಇದೆ. ಬಸ್ಸು ಕಂದಕದ ಅಂಚಿನಲ್ಲೇ ನಿಂತಿದ್ದರೆ ‘ಅನಾಹುತ ತಪ್ಪಿತು’. ಉರುಳಿಬಿದ್ದು ಜನ ಬದುಕಿದ್ದರೆ ಅನಾಹುತ ಆಗಿಯೇ ಆಗಿದೆ. ಆಗ ‘ಪ್ರಯಾಣಿಕರು ಪಾರಾದರು’ ಎನ್ನಬೇಕು. ‘ಬಚಾವಾದರು’ ಆಡುಮಾತಿಗೆ ಸರಿ.

ಪ್ರಶ್ನೆ: ‘ಕಾವಲುಗಾರರಿಗೆ ಚಳ್ಳೆಹಣ್ಣು ತಿನ್ನಿಸಿದ’ ಎಂದರೆ ಓಡಿಹೋದ ಎಂದೇ ಅರ್ಥವೇ? ‘ಕಣ್ತಪ್ಪಿ’ ಎಂದೂ ಬರೆಯಬಹುದೇ?

ಉತ್ತರ: ಚಳ್ಳೆಹಣ್ಣು ತಿನ್ನಿಸುವುದು ಏಮಾರಿಸುವುದು ಅಷ್ಟೇ. ಓಡಿದ್ದನ್ನು ಬೇರೆಯಾಗಿ ಹೇಳಬೇಕು: ‘ಚಳ್ಳೆಹಣ್ಣು ತಿನ್ನಿಸಿ ಪರಾರಿಯಾದ’. ಬೇಕೆಂದೇ ನುಸುಳಿದರೆ ‘ಕಾವಲುಗಾರರ ಕಣ್ತಪ್ಪಿಸಿ’ ಎನ್ನಿ. ‘ಕಣ್ತಪ್ಪಿನಿಂದ’ ಎಂದರೆ ಅಜಾಗರೂಕತೆ, ಹೊಣೆ ಕಾವಲುಗಾರರ ಮೇಲೆ ಬೀಳುತ್ತದೆ. ಕೆಲಸ, ಪ್ರಶ್ನೆ, ಹೊಣೆಗಳಿಂದಾದರೆ ‘ನುಣುಚಿಕೊಂಡ’, ‘ಜಾರಿಕೊಂಡ’ ಸಾಕು. ‘ಎಸ್ಕೇಪ್ ಆದ’ ಗೆಳೆಯರ ತಮಾಷೆಗೆ ಚೆಂದ, ಜೈಲಿನ ಸುದ್ದಿಗಲ್ಲ.