ಅಲ್ಸೇಸ್‌ನ ಹೊಲಗಳಿಂದ ಕಾಡು ಹ್ಯಾಮ್‌ಸ್ಟರ್ ಮರೆಯಾಗುತ್ತಿರುವುದೇಕೆ?
ಬಹುಬೆಳೆಯ ಹೊಲಗಳು ಮೆಕ್ಕೆಜೋಳದ ಏಕಬೆಳೆಗೆ ತಿರುಗಿದ್ದೇ ಇದಕ್ಕೆ ಒಂದು ದೊಡ್ಡ ಕಾರಣ. ಬಿಲದಲ್ಲಿ ಕಾಳು ಕೂಡಿಡುವ, ಇಲಿಯಂಥ ಈ ದಂಶಕ ಪ್ರಾಣಿ, ಫ್ರಾನ್ಸಿನ ಅಲ್ಸೇಸ್‌ನಲ್ಲಿ ಹಿಂದೆ ರೈತರು ಪೀಡೆಯೆಂದು ಕೊಲ್ಲುವಷ್ಟು ಹೇರಳವಾಗಿತ್ತು; ಆಗ ಅದಕ್ಕೆ ಗೋಧಿ, ಕುದುರೆಮಸಾಲೆ ಸೊಪ್ಪು, ಕಳೆಗಿಡ, ಹುಳು ಎಲ್ಲವೂ ಸಿಗುತ್ತಿದ್ದವು. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಬಿ3 ಜೀವಸತ್ವದ ಬಹುಪಾಲು ದೇಹಕ್ಕೆ ದಕ್ಕದ ರೂಪದಲ್ಲಿರುತ್ತದೆ. ಸ್ಟ್ರಾಸ್‌ಬರ್ಗ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೆಕ್ಕೆಜೋಳವನ್ನೇ ನೆಚ್ಚಿದ ತಾಯಿ ಹ್ಯಾಮ್‌ಸ್ಟರ್‌ಗಳು ತಾವು ಹೆತ್ತ ಮರಿಗಳನ್ನೇ ತಿಂದುಹಾಕಿದವು. ಆಹಾರಕ್ಕೆ ಆ ಜೀವಸತ್ವವನ್ನು ಬೆರೆಸಿದಾಗ ಮರಿಗಳು ಉಳಿದವು. ಮೆಕ್ಕೆಜೋಳವೊಂದನ್ನೇ ಉಂಡ ಬಡಜನರನ್ನು ಕಾಡಿದ ಪೆಲಾಗ್ರ ರೋಗದ ಮೂಲವೂ ಇದೇ ಕೊರತೆ. ಸಾಲದ್ದಕ್ಕೆ, ಚಳಿಗಾಲದ ನಿದ್ರೆ ಮುಗಿಸಿ ವಸಂತದಲ್ಲಿ ಹೊರಬರುವ ಪ್ರಾಣಿಗೆ ಎದುರಾಗುವುದು ಇನ್ನೂ ಪೈರೇ ಏಳದ ಬೋಳು ನೆಲ; ಹದ್ದು, ನರಿಗಳ ಕಣ್ಣಿಗೆ ಅದು ಸುಲಭವಾಗಿ ಬೀಳುತ್ತದೆ.