ಕಾರ್ಬೈನ್ ಅಳತೆಯ (ಗಿಡ್ಡ ನಳಿಕೆಯ) ಏರ್ ಗನ್ ಮಾರಿ ಉದ್ದ ನಳಿಕೆಯದು ತಗೊಂಡರೆ ಗುರಿ ಸರಿಹೋಗುತ್ತಾ?

ಮಾರಬೇಡಿ. ನಾನು ಇದರ ಉಲ್ಟಾ ಮಾಡಿದವನು, ಉದ್ದದ್ದನ್ನು ಮಾರಿ ಗಿಡ್ಡದ್ದು ತಂದಿದ್ದೆ.

ದಾವಣಗೆರೆಯಲ್ಲಿ ಡಿಗ್ರಿ ಓದುವಾಗ ಎನ್‌ಸಿಸಿಯ .22 ರೈಫಲ್‌ನಿಂದ ಈ ರುಚಿ ಹತ್ತಿತು. ಕೆಲಸ ಸಿಕ್ಕ ಮೇಲೆ ಒಂದು .177 ಏರ್ ರೈಫಲ್ ಕೊಂಡೆ. ಭಾನುವಾರ ಚನ್ನಗಿರಿ ಹತ್ತಿರ ಮಾವನ ಅಡಿಕೆ ಬೇಯಿಸುವ ಶೆಡ್ಡಿಗೆ ಹೋಗಿ, 10 ಮೀಟರ್ ಅಳೆದು, ಮರಳು ತುಂಬಿದ ಚೀಲಗಳ ಮುಂದೆ ಟಾರ್ಗೆಟ್ ಅಂಟಿಸಿ ಹೊಡೆಯುತ್ತಿದ್ದೆ. ಬೈಕಿನಲ್ಲಿ ಆ ಉದ್ದನೆ ಗನ್ ಒಯ್ಯುವುದೇ ತಲೆನೋವು. ಅದಕ್ಕೇ ಮಾರಿ ಕಾರ್ಬೈನ್ ಅಳತೆಯದು ತಂದೆ. ಮೊದಲ ದಿನವೇ ಗ್ರೂಪಿಂಗ್, ಅಂದರೆ ತೂತುಗಳು ಒಂದೆಡೆ ಗುಂಪಾಗಿ ಬೀಳುವುದು, ಚೆಲ್ಲಾಪಿಲ್ಲಿ.

ಆಗ ನಾನೊಂದು ತಪ್ಪು ಮಾಡಿದೆ. ಒಂದು ಪೆಲೆಟ್ (ಏರ್ ಗನ್ನಿನ ಚಿಕ್ಕ ಗುಂಡು) ಎಡಕ್ಕೆ ಬಿತ್ತು ಅಂತ ಬ್ಯಾಕ್‌ಸೈಟಿನ, ಅಂದರೆ ಗುರಿ ನೋಡುವ ಹಿಂದಿನ ಸೀಳಿನ, ತಿರುಪನ್ನು ಎರಡು ಕ್ಲಿಕ್ ಬಲಕ್ಕೆ ತಿರುಗಿಸಿದೆ. ಮುಂದಿನದು ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ. ಹೊಡೆತಕ್ಕೊಂದು ತಿರುವು. ಒಂದೇ ತೂತು ನೋಡಿ ಏನೂ ಗೊತ್ತಾಗಲ್ಲ ಸ್ವಾಮಿ. ಐದು ಹೊಡೆದು, ಐದರ ನಡುಮಧ್ಯ ಎಲ್ಲಿದೆ ನೋಡಿ, ಆಮೇಲೆ ತಿರುಪು ಮುಟ್ಟಬೇಕು. ಎನ್‌ಸಿಸಿ ಉಸ್ತಾದರು ಇದನ್ನೇ ಹೇಳಿ ಹೇಳಿ ಸಾಕಾಗಿದ್ದರು. ಕೈ ಮಾಡಿದ ತಪ್ಪಿಗೆ ನಾನು ತಿರುಪಿನ ತಪ್ಪನ್ನೂ ಸೇರಿಸುತ್ತಾ ಹೋದೆ. ಮೂರು ವಾರದಲ್ಲಿ ಸೈಟ್ ಮೊದಲು ಎಲ್ಲಿತ್ತು ಅನ್ನೋದೇ ಮರೆತುಹೋಯಿತು. ಕ್ಲಬ್ಬಿನ ಆಯ್ಕೆ ಇದ್ದ ದಿನ ಬೆಳಿಗ್ಗೆಯೂ ತಿರುಗಿಸಿದೆ! ಮೊದಲ ಹತ್ತರಲ್ಲಿ ಏಳು ಎಡಗಡೆ ಕೆಳಗೆ. ಆ ವರ್ಷ ಅಲ್ಲಿಗೆ ಮುಗಿಯಿತು.

ಮಾವ ಮೊದಲೇ ಕೇಳಿದ್ದರು, “ಏನ್ ಅಳಿಯಂದ್ರೇ, ರೇಡಿಯೋ ಸ್ಟೇಷನ್ ಹುಡುಕ್ತಿದೀರಾ?”

ಆಮೇಲೆ ಟೇಪ್ ಹಿಡಿದೆ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ದೂರ, ಅಂದರೆ ಸೈಟ್ ರೇಡಿಯಸ್, ಹಳೆಯದರಲ್ಲಿ 50 ಸೆಂ.ಮೀ. ಇತ್ತು. ಹೊಸದರಲ್ಲಿ 37. ಫೋರ್‌ಸೈಟ್ (ಮುಂದಿನ ಸೈಟ್) ತುದಿ ಹಿಂದಿನ ಸೈಟಿನ ಸೀಳಿನ ನಡುವಿನಿಂದ ಅರ್ಧ ಮಿ.ಮೀ. ಸರಿದರೆ 10 ಮೀಟರಿನಲ್ಲಿ ಹಳೆಯದು 10 ಮಿ.ಮೀ. ಆಚೆ ಹೊಡೆಯುತ್ತಿತ್ತು, ಹೊಸದು 13.5. ಏರ್ ರೈಫಲ್ ಟಾರ್ಗೆಟ್ಟಿನ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಅಗಲ, ನೆನಪಿರಲಿ. ಗನ್ ಕೆಟ್ಟಿರಲಿಲ್ಲ. ಫೋರ್‌ಸೈಟ್ ಬಿಟ್ಟು ಟಾರ್ಗೆಟ್ ನೋಡುತ್ತಾ ನಾನು ಮೊದಲಿಂದಲೂ ಮಾಡುತ್ತಿದ್ದ ತಪ್ಪನ್ನು ಅದು ದೊಡ್ಡದಾಗಿ ತೋರಿಸಿತು, ಅಷ್ಟೇ.

ಇನ್ನು ನಿಮ್ಮ ಪ್ರಶ್ನೆಯೇ ಸ್ವಲ್ಪ ತಪ್ಪು. ನಳಿಕೆಯ ಉದ್ದ ಕೇಳಬೇಡಿ, ಸೈಟ್‌ಗಳ ನಡುವಿನ ದೂರ ಕೇಳಿ. ನಮ್ಮ ಪೊಲೀಸರ ಕೈಯಲ್ಲಿ ನೋಡಿರುವ ತ್ರೀ ನಾಟ್ ತ್ರೀ (.303) ರೈಫಲನ್ನೇ ತಗೊಳ್ಳಿ. ಲೀ ಎನ್‌ಫೀಲ್ಡ್ ನಂಬರ್ 1 ಮಾರ್ಕ್ 3, ನಂಬರ್ 4, ಎರಡರ ನಳಿಕೆಯೂ 25.2 ಇಂಚು. ಮೊದಲನೆಯದರ ಬ್ಯಾಕ್‌ಸೈಟ್ ನಳಿಕೆಯ ಮೇಲೆ ಮುಂದೆ ಕೂತಿದೆ, ಸೈಟ್ ರೇಡಿಯಸ್ 19 ಇಂಚಿನ ಆಸುಪಾಸು. ಎರಡನೆಯದರಲ್ಲಿ ಅದು ಕಣ್ಣಿನ ಹತ್ತಿರ ಬಂತು, 28 ಇಂಚು ದಾಟಿತು. ಪಂದ್ಯದ ಏರ್ ರೈಫಲ್‌ಗಳಲ್ಲಿ ನಳಿಕೆಯ ತುದಿಗೆ ಖಾಲಿ ಕೊಳವೆ ಸಿಕ್ಕಿಸಿ ಫೋರ್‌ಸೈಟನ್ನು ಮುಂದೆ ತಳ್ಳುತ್ತಾರೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿದರಂತೂ ಈ ಲೆಕ್ಕವೇ ಬೇಡ.

ನಿಮಗೆ ಚಾಳೀಸು ಬಂದಿದ್ದರೆ ಮಾತ್ರ ಉದ್ದದ್ದು ನೋಡಿ. ಫೋರ್‌ಸೈಟ್ ದೂರ ಇದ್ದಷ್ಟೂ ಆ ಕಣ್ಣಿಗೆ ಸ್ಪಷ್ಟ ಕಾಣುತ್ತೆ. ಇಲ್ಲದಿದ್ದರೆ ಒಂದು ತಿಂಗಳು ಟಾರ್ಗೆಟ್ ಮಗುಚಿ ಹಾಕಿ ಬಿಳಿ ಬೆನ್ನಿಗೆ ಹೊಡೆಯಿರಿ. ನೋಡಲು ಚುಕ್ಕೆ ಇರಲ್ಲ, ಕಣ್ಣು ತಾನಾಗೇ ಫೋರ್‌ಸೈಟ್ ತುದಿಗೆ ಬರುತ್ತೆ. ನನ್ನದು ಸರಿಹೋಗಿದ್ದು ಅದರಿಂದಲೇ, ಅದೇ ಗಿಡ್ಡ ಗನ್ನಿನಲ್ಲಿ.

ತಿರುಪಿಗೆ ಮಾತ್ರ ಹೆಂಡತಿಯ ನೇಲ್ ಪಾಲಿಶ್ ಒಂದು ಹನಿ ಹಚ್ಚಿಟ್ಟಿದ್ದೇನೆ. ತಿರುಗಿಸಬೇಕು ಅನ್ನಿಸಿದರೆ ಮೊದಲು ಅದನ್ನು ಕೆರೆಯಬೇಕು.