ದಂಡ ಕಂಪನಿಗೆ, ಮೇಲಿನವರಿಗೆ?
ಜನ ಸತ್ತರೂ ಕಂಪನಿ ದಂಡ ಕಟ್ಟಿ ಪಾರಾಗುತ್ತದೆ, ಮೇಲಿನವರು ಯಾಕೆ ಜೈಲಿಗೆ ಹೋಗಲ್ಲ ಅಂತ ಕೇಳಿದ್ದೀರಿ. ತೊಡಕು ಇರುವುದು ಸಾಕ್ಷ್ಯದಲ್ಲಿ. ಅಪಾಯ ಅವರಿಗೆ ಗೊತ್ತಿತ್ತು ಅಂತ ತೋರಿಸಬೇಕು. ದೊಡ್ಡ ಕಂಪನಿಯಲ್ಲಿ ಒಂದು ತೀರ್ಮಾನ ಹತ್ತು ಜನರ ಕೈ ದಾಟಿ ಬರುತ್ತದೆ, ಹೊಣೆ ಯಾರ ಮೇಲೂ ನಿಲ್ಲುವುದಿಲ್ಲ. ಬೋಯಿಂಗ್ 737 ಮ್ಯಾಕ್ಸ್ ವಿಮಾನ ನೋಡಿ. ಎರಡು ಅಪಘಾತ, 346 ಸಾವು. ಅಮೆರಿಕದ ಕೋರ್ಟಿನಲ್ಲಿ ವಿಚಾರಣೆ ಎದುರಿಸಿದ್ದು ಬೋಯಿಂಗ್ ಕಂಪನಿಯದೇ ಒಬ್ಬ ಮಾಜಿ ಪೈಲಟ್ (ಸಿಇಒ ಅಲ್ಲ, ಗಮನಿಸಿ!), ಅವರೂ 2022ರಲ್ಲಿ ಖುಲಾಸೆಯಾದರು.

ಹಾಗಂತ ಆಗೋದೇ ಇಲ್ಲ ಅಂತಲ್ಲ. ಅಮೆರಿಕದ್ದೇ, ಕಡಲೆಕಾಯಿ ಪದಾರ್ಥ ತಯಾರಿಸುತ್ತಿದ್ದ ಪೀನಟ್ ಕಾರ್ಪೊರೇಷನ್‌ನ ಮುಖ್ಯಸ್ಥ ಸ್ಟೀವರ್ಟ್ ಪಾರ್ನೆಲ್‌ಗೆ 2015ರಲ್ಲಿ 28 ವರ್ಷ ಜೈಲಾಯಿತು. ಸರಕಿನಲ್ಲಿ ಸಾಲ್ಮೊನೆಲ್ಲಾ (ಕಾಯಿಲೆ ತರುವ ಬ್ಯಾಕ್ಟೀರಿಯಾ) ಇರುವ ವಿಷಯ ಗೊತ್ತಿದ್ದೂ ಕಳಿಸಿದ್ದಕ್ಕೆ ಅವನದೇ ಇಮೇಲ್‌ಗಳು ಸಾಕ್ಷಿಯಾದವು. ಸುಮ್ನೆ ದಂಡ ಜಾಸ್ತಿ ಮಾಡುವುದಕ್ಕಿಂತ, ಸುರಕ್ಷತಾ ವರದಿಗೆ ಮುಖ್ಯಸ್ಥರೇ ಸಹಿ ಹಾಕುವ ನಿಯಮ ಬರಲಿ ಅನ್ನುತ್ತೇನೆ ನಾನು. ಆಮೇಲೆ ‘ನನಗೆ ಗೊತ್ತಿರಲಿಲ್ಲ’ ಅನ್ನುವುದು ಕಷ್ಟ, ಅಲ್ವಾ?